ಅಕ್ಕನ ದನಿಗೆ ಬೇಕಿದ್ದ ಲೈಬ್ರರಿ

ಭಾವ ನನ್ನ ಅಕ್ಕನ ದನಿಗೆ ಪೂಜೆ ಮಾಡಿದರು. ಎಲ್ಲ ಕೆಟ್ಟದ್ದು ಅಲ್ಲಿಂದ.

ಹೀಗೆ ಹೇಳಿದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ, ಗೊತ್ತು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಕ್ಕ ಕಮಲಾಪುರದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಆಕೆಯ ಗಂಡ, ನನ್ನ ಭಾವ, ಅಲ್ಲೇ ಊರ ಹೊರಗಿನ ತೋಟದಲ್ಲಿ ಕೆಂಪು ಬಾಳೆ ಬೆಳೆಯುತ್ತಾರೆ. ನಾನು ಕಲಬುರಗಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಖೂಬಾ ಪ್ಲಾಟಿನಲ್ಲಿ ಮೇಲಿನ ಅಂತಸ್ತಿನ ಎರಡು ಕೋಣೆಗಳಲ್ಲಿ ಒಬ್ಬನೇ ಇರುತ್ತೇನೆ. ಬಹಳ ವರ್ಷಗಳ ಹಿಂದೆ ಅಕ್ಕನ ಗಂಟಲಲ್ಲಿ ಗಡ್ಡೆಯಾಯಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಅಕ್ಕನ ದನಿ ಎಂಥದ್ದೆಂದರೆ, ಆಕೆ ತರಗತಿಯಲ್ಲಿ ಮಗ್ಗಿ ಹೇಳಿಸಿದರೆ ಶಾಲೆಯ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುವವರೂ ಜೊತೆಗೆ ಗುನುಗುತ್ತಿದ್ದರು.

ಆಪರೇಷನ್ನಿಗೆ ಮೊದಲು ಸಿಕ್ಕ ಸ್ವಲ್ಪ ಸಮಯದಲ್ಲಿ ಆ ದನಿಯನ್ನು ಹಿಡಿದಿಟ್ಟುಕೊಳ್ಳಲು ಹೊರಟೆ. ಕಾಲೇಜಿನ ಸೆಮಿನಾರ್ ಹಾಲಿನ ಕಿಟಕಿಗಳಿಗೆ ಮನೆಯ ಕೌದಿಗಳನ್ನೆಲ್ಲ ತಂದು ಕಟ್ಟಿದೆ, ಹೊರಗಿನ ಸದ್ದು ಒಳಗೆ ಬರಬಾರದೆಂದು. ಫ್ಯಾನ್ ಹಾಕುವಂತಿಲ್ಲ. ಕಲಬುರಗಿಯ ಬೇಸಿಗೆ ಬೇರೆ. ಅಕ್ಕ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ಮೈಕಿನ ಮುಂದೆ ಕೂತು ನಾನು ಕೊಟ್ಟ ವಾಕ್ಯಗಳನ್ನು ಒಂದೊಂದಾಗಿ ಓದಿದಳು. ಅವನ್ನು ನಾನು ಆಕೆ ಕಲಿಸುವ ಮೂರನೇ ತರಗತಿಯ ಪುಸ್ತಕದಿಂದಲೇ ಆರಿಸಿದ್ದೆ. ಅರ್ಧ ಓದಿ ಹಾಳೆ ಕೆಳಗಿಟ್ಟಳು.

“ಇದರಾಗ ಬೈಯೂದು ಒಂದೂ ಇಲ್ಲಲ್ಲೋ. ನಾಳಿಗೆ ಮಕ್ಕಳಿಗೆ ಏನಂತ ಬೈಲಿ?”

“ಬೈಯೂದ್ಯಾಕ ಅಕ್ಕಾ?”

“ಬೈಲಿಲ್ಲಂದ್ರ ಅವು ಟೀಚರ್‌ಗೆ ಇನ್ನಾ ಆರಾಮಾಗಿಲ್ಲ ಅಂತ ತಿಳ್ಕೋತಾವ.”

ಆಮೇಲೆ ತನಗೆ ಬೇಕಾದ್ದನ್ನು ತಾನೇ ಸೇರಿಸಿದಳು. ಬಾಯಿ ಮುಚ್ರಿ. ಸುಮ್ನ ಕುಂದರ್ರಿ. ಯಾರದು ಅಲ್ಲಿ ಕಿಸಿಯೋರು. ಉಂಡೇನು. ಇನ್ನೊಂದ್ ರೊಟ್ಟಿ ಹಾಕ್ಕೋ. ಭಾವನನ್ನು ತೋಟದಿಂದ ಕರೆಯುವ ‘ಏನ್ರೀ’ಯನ್ನು ನಾಲ್ಕಾರು ರೀತಿಯಲ್ಲಿ ಹೇಳಿಕೊಟ್ಟಳು, ಯಾವುದು ಸಿಟ್ಟಿನದು, ಯಾವುದು ಊಟಕ್ಕೆ ಕರೆಯುವುದು ಎಂದು ನನಗೆ ವಿವರಿಸಿ ನಕ್ಕಳು. ನಾನೂ ನಕ್ಕೆ.

ಹೀಗೆ ಹಿಡಿದ ಮಾತನ್ನು ಸಣ್ಣ ಸಣ್ಣ ಚೂರುಗಳಾಗಿ ಕತ್ತರಿಸಿಟ್ಟುಕೊಂಡು, ಅಕ್ಕ ಏನು ಟೈಪ್ ಮಾಡುತ್ತಾಳೋ ಅದಕ್ಕೆ ತಕ್ಕ ಚೂರುಗಳನ್ನು ಆಯ್ದು ಜೋಡಿಸಿ ನುಡಿಯುವ ಪ್ರೋಗ್ರಾಮ್ ಒಂದನ್ನು ಸಿದ್ಧಮಾಡಿದೆ. ಅದರ ಬುಡದಲ್ಲಿದ್ದದ್ದು ಪರದೇಶದ ಯಾರೋ ಬಹಳ ಹಿಂದೆ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದ ಒಂದು ಲೈಬ್ರರಿ. ಕಂಪ್ಯೂಟರಿನ ಭಾಷೆಯಲ್ಲಿ ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಮುಗಳು ಎರವಲು ಪಡೆದು ನಡೆಸುವ ಸಿದ್ಧ ಕೋಡು, ಅಷ್ಟೇ. ನಾನು ಕೈಗೆತ್ತಿಕೊಂಡಾಗಲೇ ಅದಕ್ಕೆ ಮುಪ್ಪು ಬಂದಿತ್ತು. ಆದರೆ ಅಕ್ಕನ ಲ್ಯಾಪ್‌ಟಾಪೂ ಹಳೆಯದು, ಅದರ ಆಪರೇಟಿಂಗ್ ಸಿಸ್ಟಮೂ ಹಳೆಯದು. ಮೂರೂ ಒಂದೇ ಓರಗೆಯವು. ಜಗಳವಿಲ್ಲದೆ ಹೊಂದಿಕೊಂಡು ನಡೆದವು.

ಆಪರೇಷನ್ ಆಯಿತು. ಆಸ್ಪತ್ರೆಯವರು ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಸಣ್ಣ ಯಂತ್ರ ಕೊಟ್ಟರು. ಅದರ ಸದ್ದು ಹಿಟ್ಟಿನ ಗಿರಣಿಯ ಸದ್ದು. ಅಕ್ಕ ಒಂದು ವಾರ ಪ್ರಯತ್ನಿಸಿ ಅದನ್ನು ಕಪಾಟಿಗೆ ಸೇರಿಸಿದಳು. ಲ್ಯಾಪ್‌ಟಾಪನ್ನು ಸ್ಪೀಕರಿಗೆ ಜೋಡಿಸಿಕೊಂಡು ತರಗತಿಗೆ ಹೋದಳು. ಆಕೆ ಟೈಪ್ ಮಾಡುವಾಗ ಗದ್ದಲ, ಸ್ಪೀಕರ್ ನುಡಿದಾಗ ನಿಶ್ಶಬ್ದ. ಮಕ್ಕಳು ಬೇಗ ರೂಢಿ ಮಾಡಿಕೊಂಡರು. ‘ಸುಮ್ನ ಕುಂದರ್ರಿ’ಗೆ ಒಂದೇ ಬಟನ್ ಇಟ್ಟುಕೊಟ್ಟಿದ್ದೆ. ಅದು ಬಹಳ ಸವೆದಿತ್ತು. ಎಷ್ಟೋ ವರ್ಷ ಹಾಗೆ ನಡೆಯಿತು, ನಾನು ಅದನ್ನು ಮರೆತೇಬಿಡುವಷ್ಟು ಚೆನ್ನಾಗಿ.

ಆಮೇಲೆ ಬಂದದ್ದು ಆ ದಸರೆ. ನಮ್ಮ ಕಡೆ ನವಮಿಯ ದಿನ ಖಂಡೇ ಪೂಜೆ. ಮನೆಯಲ್ಲಿ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು, ಒಂದು ಕಡೆ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಅಂದು ಅವಕ್ಕೆ ರಜೆ, ಯಾವುದನ್ನೂ ಮುಟ್ಟುವಂತಿಲ್ಲ. ಭಾವ ಕುಡುಗೋಲು, ಸಲಿಕೆ, ಔಷಧ ಹೊಡೆಯುವ ಪಂಪು, ಗಾಡಿಯ ಕೀಲಿ ಎಲ್ಲ ಸಾಲಾಗಿ ಇಟ್ಟರು. ನಡುವೆ ಕಂಬಳಿ ಮಡಚಿ ಹಾಸಿ ಅದರ ಮೇಲೆ ಅಕ್ಕನ ಲ್ಯಾಪ್‌ಟಾಪನ್ನು ತೆರೆದಿಟ್ಟರು. ಅಕ್ಕನಿಗೂ ಅಂದು ಮಾತಿಗೆ ರಜೆ. ಆಕೆ ಹೂ ಕಟ್ಟಿಕೊಟ್ಟು ಪಕ್ಕದಲ್ಲಿ ಕೈಮುಗಿದು ಕೂತಿದ್ದಳಂತೆ. ಕಾಯಿ ಒಡೆದು ಅದರ ನೀರನ್ನು ಹೂವಿನಿಂದ ಎಲ್ಲದರ ಮೇಲೂ ಪ್ರೋಕ್ಷಿಸಿದ ಭಾವ, ಲ್ಯಾಪ್‌ಟಾಪಿನ ಮೇಲೆ ಮಾತ್ರ ಕೈತುಂಬ ಚಿಮುಕಿಸಿದರು. ಭಕ್ತಿ ಜಾಸ್ತಿಯಾಯಿತು. ಆ ನೀರು ಕೀಬೋರ್ಡಿನ ಕೀಲಿಗಳ ಸಂದಿಯಲ್ಲಿ ಇಳಿದು ರಾತ್ರಿಯೆಲ್ಲ ಅಲ್ಲೇ ಕೂತಿತು. ಮರುದಿನ ಬನ್ನಿ ಕೊಡಲು ಓಣಿಯವರು ಬಂದಾಗ, ಬಂಗಾರದಂಗ ಇರೂಣು ಎಂದು ಹೇಳಲು ಅಕ್ಕ ಬಟನ್ ಒತ್ತಿದರೆ ಲ್ಯಾಪ್‌ಟಾಪ್ ಚಾಲೂ ಆಗಲೇ ಇಲ್ಲ.

ಭಾವ ಫೋನಿನಲ್ಲಿ ಅಳುತ್ತಿದ್ದರು. ನಾನು ಅವರನ್ನು ಮಾಮಾ ಎಂದು ಕರೆಯುವುದು.

“ಅದಕ್ಕ ಯಾಕ ಇಟ್ರಿ ಮಾಮಾ ಪೂಜಾಕ?” ಎಂದೆ. ಸಿಟ್ಟು ತಡೆಯಲಿಲ್ಲ.

“ಕುಡಗೋಲಿಗೆ ಮಾಡಿ ನಿಮ್ಮಕ್ಕನ ದನಿಗೆ ಬಿಡ್ಲಿಕ್ಕೆ ಬರ್ತದೇನು ತಮ್ಮಾ? ನೀನರೆ ಹೇಳು.”

ಯಂತ್ರ ಬೇರೆ ದೇವರು ಬೇರೆ ಎಂದು ಪಾಠ ಮಾಡಲು ನನಗೂ ಬಾಯಿ ಬರಲಿಲ್ಲ. ನಮ್ಮ ಲ್ಯಾಬಿನ ಸರ್ವರ್ ಮೇಲೂ ಕುಂಕುಮದ ಬೊಟ್ಟು ಇದೆ.

ಮೋಮಿನಪುರದಲ್ಲಿ ನನಗೆ ಗೊತ್ತಿರುವ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಹಿಂಬದಿ ಬಿಚ್ಚಿ, ಜಿಗುಟು ಹಿಡಿದ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. “ಬೋರ್ಡ್ ಗಯಾ ಸಾಬ್. ಇದು ಎಲ್ಲೂ ಸಿಗಂಗಿಲ್ಲ ಈಗ. ಡಿಸ್ಕ್ ಮಾತ್ರ ಬಚ್ ಗಯಾ, ಖುದಾ ಕಾ ಶುಕ್ರ.” ಡಿಸ್ಕನ್ನು ಬಿಡಿಸಿ ಕೈಗಿಟ್ಟರು. ಅಂದರೆ ಅಕ್ಕನ ದನಿಯ ಚೂರುಗಳೆಲ್ಲ ಇವೆ. ಅವನ್ನು ಜೋಡಿಸಿ ನುಡಿಸುವ ಲೈಬ್ರರಿಯ ಮೂಲ ಕೋಡೂ ಇದೆ. ಹೊಸ ಲ್ಯಾಪ್‌ಟಾಪ್ ತಂದು ಅದರಲ್ಲಿ ಆ ಕೋಡನ್ನು ಮತ್ತೆ ಕಂಪೈಲ್ ಮಾಡಿದರೆ ಮುಗಿಯಿತು. ಮುಂದಿನ ಐತವಾರ ತಂದುಕೊಡ್ತೀನಿ ಎಂದು ಭಾವನಿಗೆ ಹೇಳಿದೆ. ಎಷ್ಟು ಸಲೀಸಾಗಿ ಹೇಳಿದೆ!

ಕಂಪೈಲ್ ಅಂದರೇನೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಮನುಷ್ಯರು ಬರೆದ ಕೋಡನ್ನು ಯಂತ್ರ ಹಾಗೇ ನುಂಗುವುದಿಲ್ಲ. ಜೋಳವನ್ನು ಬೀಸಿ ಹಿಟ್ಟು ಮಾಡಿದಂತೆ ಅದನ್ನು ಯಂತ್ರಕ್ಕೆ ಒಗ್ಗುವಂತೆ ಮಾಡಬೇಕು. ಆ ಕೆಲಸದ ಪ್ರೋಗ್ರಾಮಿಗೆ ಕಂಪೈಲರ್ ಎನ್ನುತ್ತಾರೆ. ಹಿಂದಿನ ಕಂಪೈಲರು ಕಲ್ಲು ಕಡ್ಡಿ ಕಂಡರೆ ಗೊಣಗಿ ಬೀಸಿಬಿಡುತ್ತಿತ್ತು. ಈಗಿನದು ಒಂದು ಹರಳು ಕಂಡರೂ ಬೀಸುಕಲ್ಲನ್ನೇ ನಿಲ್ಲಿಸುತ್ತದೆ.

ಮೊದಲ ದಿನವೇ ನಿಂತಿತು. ಆ ಲೈಬ್ರರಿ ಹೊಸ ಯಂತ್ರವನ್ನು ನೋಡಿ, ಇದು ಯಾವ ಜಾತಿಯ ಯಂತ್ರವೋ ನನಗೆ ಗೊತ್ತಿಲ್ಲ ಎಂದಿತು. ಅದು ಹುಟ್ಟಿದಾಗ ಇಂಥ ಯಂತ್ರವೇ ಇರಲಿಲ್ಲ, ಅದರ ತಪ್ಪೇನು. ಗುರುತು ಹೇಳಿಕೊಟ್ಟೆ. ಒಂದು ಹೆಜ್ಜೆ ಮುಂದೆ ಹೋಗಿ ಮತ್ತೆ ನಿಂತಿತು. ಒಂದು ಕಾಲಕ್ಕೆ ಬರೀ ಎಚ್ಚರಿಕೆಯಾಗಿದ್ದದ್ದು ಈಗ ತಪ್ಪು. ಪರದೆಯ ಮೇಲೆ ಕೆಂಪು ಸಾಲುಗಳು ಮೇಲಿನಿಂದ ಕೆಳಕ್ಕೆ ಹರಿದವು. ಒಂದನ್ನು ತಿದ್ದಿದರೆ ಅದರ ಬೆನ್ನಿಗೆ ಅಡಗಿದ್ದ ಮತ್ತಷ್ಟು ಹೊರಬಂದವು. ಸಾಯಂಕಾಲದ ಹೊತ್ತಿಗೆ ಬೆಳಿಗ್ಗೆ ಇದ್ದುದಕ್ಕಿಂತ ಹೆಚ್ಚು ತಪ್ಪುಗಳಿದ್ದವು.

ಅದೂ ಸರಿ, ಕೈಯಾರೆ ತಿದ್ದಬಹುದು. ಆದರೆ ಆ ಲೈಬ್ರರಿಗೆ ಇನ್ನೊಂದು ಲೈಬ್ರರಿ ಬೇಕು, ಅದಕ್ಕೆ ಮತ್ತೊಂದು. ಎಲ್ಲವೂ ಮುದುಕರೇ. ಎರಡನೆಯದನ್ನು ಹುಡುಕಿ ಹೋದರೆ ಅದರ ವೆಬ್‌ಸೈಟ್ ಇದ್ದ ಜಾಗದಲ್ಲಿ ಯಾರೋ ಚಪ್ಪಲಿ ಮಾರುತ್ತಿದ್ದರು. ಎಲ್ಲೋ ಒಂದು ಹಳೆಯ ಚರ್ಚೆಯ ಪುಟದಲ್ಲಿ ನನ್ನದೇ ತೊಂದರೆ, ನನ್ನದೇ ಕೆಂಪು ಸಾಲು, ಅಕ್ಷರವೂ ಬದಲಿಲ್ಲದೆ ಕಂಡಿತು. ಆತುರದಿಂದ ಪುಟವನ್ನು ಕೆಳಕ್ಕೆ ಸರಿಸಿದೆ. ಕೇಳಿದ್ದವನು ಕೆಳಗೆ ತಾನೇ ಉತ್ತರ ಬರೆದಿದ್ದ: ಸರಿಯಾಯಿತು, ಎಲ್ಲರಿಗೂ ವಂದನೆಗಳು. ಹೇಗೆ ಸರಿಯಾಯಿತು ಎಂದು ಬರೆದಿರಲಿಲ್ಲ. ಆ ಪುಣ್ಯಾತ್ಮನಿಗೆ ನಾನು ಹಾಕಿದ ಶಾಪಗಳನ್ನು ಇಲ್ಲಿ ಬರೆಯುವಂತಿಲ್ಲ.

ಕಾಲೇಜಿನಲ್ಲಿ ಎಲ್ಲರೂ ಬುದ್ಧಿ ಹೇಳುವವರೇ. “ಅಷ್ಟ್ಯಾಕ ಒದ್ದಾಡ್ತೀರಿ ಸರ್? ಹಳೇ ಸಿಸ್ಟಮನ್ನ ಹೊಸದರ ಒಳಗ ಕುಂದರಿಸಿ ಬಿಡ್ರಿ” ಎಂದರು ಒಬ್ಬ ಸಹೋದ್ಯೋಗಿ. ಕೂರಿಸಿದೆ. ಹೊಸ ಲ್ಯಾಪ್‌ಟಾಪಿನದು ಬೇರೆಯೇ ಬಗೆಯ ಪ್ರೊಸೆಸರ್. ಅದು ಹಳೆಯದರ ವೇಷ ಹಾಕಿಕೊಂಡು ನಡೆಯಲು ಏದುಸಿರು ಬಿಟ್ಟಿತು. ‘ಉಂಡೇನು’ ಎಂದು ಟೈಪ್ ಮಾಡಿದರೆ ‘ಉಂ’ ಬಂದು, ಕಾದು ಕಾದು ಸಾಕಾದ ಮೇಲೆ ‘ಡೇ’ ಬಂತು. ಅಕ್ಕನ ದನಿ, ಆದರೆ ಯಾರೋ ಆಕೆಯ ಕತ್ತು ಹಿಸುಕಿ ಬಿಟ್ಟು ಹಿಸುಕಿ ಬಿಟ್ಟು ನುಡಿಸಿದಂತಿತ್ತು. ಕೇಳಲಾರದೆ ಮುಚ್ಚಿಟ್ಟೆ.

ಫೋನಿನಲ್ಲಿ ಕನ್ನಡ ಓದುವ ಹೆಂಗಸಿನ ದನಿ ಇದೆಯಲ್ಲ, ಅದನ್ನೇ ಹಾಕಿಕೊಡಬಾರದೇ ಎಂದರು ಇನ್ನೊಬ್ಬರು. ಅದನ್ನೂ ಮಾಡಿದ್ದಾಯಿತು. ಅಕ್ಕ ಅದನ್ನು ತರಗತಿಗೆ ಒಯ್ದ ದಿನ ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ನೀವು ಕರೆ ಮಾಡಿದ ಚಂದಾದಾರರು ಬಿಜಿ ಇದ್ದಾರೆ ಎನ್ನುವ ಮೇಡಂ ನಮಗೆ ಭಾಗಾಕಾರ ಹೇಳಿಕೊಡಲು ಬಂದಿದ್ದಾರೆ ಎಂದರಂತೆ. ಅಕ್ಕ ಅಂದಿನಿಂದ ಅದನ್ನು ಮುಟ್ಟಲಿಲ್ಲ. ಹೆಡ್‌ಮಾಸ್ತರರು ಒಳ್ಳೆಯವರು; ಬಿಸಿಯೂಟದ ಉಸ್ತುವಾರಿ ನೋಡಿಕೊಳ್ಳಿರಿ ಟೀಚರ್, ನಿಮ್ಮ ದನಿ ಬಂದ ಮೇಲೆ ತರಗತಿಗೆ ಬರುವಿರಂತೆ ಎಂದರು. ಅಕ್ಕ ನನಗೆ ಮೆಸೇಜು ಕಳಿಸಿದಳು: ನಾ ಬ್ಯಾಳಿ ಅಳೀಲಿಕ್ಕೆ ಟೀಚರ್ ಆಗಿಲ್ಲ ತಮ್ಮಾ. ಜಲ್ದಿ ಮಾಡು.

ಅದನ್ನು ಓದಿದಾಗಿನಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಇದು ಸರಿಹೋಗದಿದ್ದರೆ ಅಕ್ಕ ಇನ್ನು ಮಾತಾಡುವುದಿಲ್ಲ, ಮಾತಾಡದಿದ್ದರೆ ಕಲಿಸುವುದಿಲ್ಲ, ಕಲಿಸದ ಅಕ್ಕ ಹೇಗಿರುತ್ತಾಳೆಂದು ಊಹಿಸಲೂ ನನಗೆ ಭಯವಾಗುತ್ತಿತ್ತು. ಎಲ್ಲ ಬಿಟ್ಟು ಅದಕ್ಕೇ ಅಂಟಿಕೊಂಡೆ.

ಐತವಾರಗಳಂದು ಬೀದರ ಕಡೆಯ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದೆ, ಲ್ಯಾಪ್‌ಟಾಪ್ ಜೊತೆಗೆ. ಬಸ್ಸಿನಲ್ಲೂ ತೊಡೆಯ ಮೇಲೆ ಬಿಚ್ಚಿಕೊಂಡೇ ಇರುತ್ತಿದ್ದೆ. ಅಕ್ಕನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು ಮತ್ತೆ ಅದೇ. ಅಕ್ಕ ಎದುರಿಗೆ ಬಂದು ಕೂರುತ್ತಿದ್ದಳು. ಮಂಡಿ ತಟ್ಟಿ ಏನೋ ಹೇಳುತ್ತಿದ್ದಳು. ಆಕೆಯ ಗಂಟಲಷ್ಟೇ ಹೋಗಿದ್ದು, ತುಟಿ ನಾಲಗೆ ಎಲ್ಲ ಮೊದಲಿನಂತೆ ಆಡುತ್ತಿದ್ದವು, ಸದ್ದೊಂದು ಇರಲಿಲ್ಲ. ನಾನು ಪರದೆಯಿಂದ ಕಣ್ಣು ತೆಗೆಯದೆ ನನ್ನ ಫೋನನ್ನು ಆಕೆಯ ಕಡೆ ಚಾಚುತ್ತಿದ್ದೆ.

“ಇದರಾಗ ಬರಿ ಅಕ್ಕಾ.”

ಆಕೆ ಬರೆಯುತ್ತಿದ್ದಳು. ಉಂಡು ಕೂಡು.

“ಹ್ಞೂಂ, ಒಂದ್ ಜರಾ ತಡಿ. ಇದೊಂದು ಆತಂದ್ರ ಮುಗೀತು.”

ಅದೊಂದು ಆಗುತ್ತಿರಲಿಲ್ಲ. ರೊಟ್ಟಿ ಒಣಗಿ ಕಟಿಯಾಗುವುದು, ಪಲ್ಯ ಆರುವುದು. ಬಾಳೆಗೊನೆ ಹೊತ್ತು ಬಂದ ಭಾವ ಬಾಗಿಲಲ್ಲಿ ನಿಂತು ನನ್ನನ್ನು ಕಂಡು ಸದ್ದಿಲ್ಲದೆ ಒಳಗೆ ಹೋಗಿಬಿಡುವರು. ಅಪರಾಧಿಯಂತೆ ನಡೆಯುತ್ತಿದ್ದರು ಪಾಪ, ತಮ್ಮ ಮನೆಯಲ್ಲೇ. ಒಳಗಿನಿಂದ ಅವರು ಅಕ್ಕನೊಂದಿಗೆ ಮಾತಾಡುವುದು ಕೇಳಿಸುತ್ತಿತ್ತು, ಅವರೊಬ್ಬರದೇ ದನಿ: ಹೌದು, ನಾಳಿಗೇ ಕಡಿಸ್ತೀನಿ. ಇಲ್ಲ, ಅವ ಇನ್ನಾ ಬಂದಿಲ್ಲ. ಏ, ನಾ ಎಲ್ಲಿ ಹಂಗಂದೆ? ನಾನು ಕೆಂಪು ಸಾಲುಗಳನ್ನು ಎಣಿಸುತ್ತಿದ್ದೆ.

ಚಳಿಗಾಲ ಹೋಯಿತು. ನಾನು ತಿದ್ದಿ ತಿದ್ದಿ ಒಂದು ಹದಕ್ಕೆ ತಂದಿದ್ದೆ. ಅಷ್ಟರಲ್ಲಿ ಹೊಸ ಲ್ಯಾಪ್‌ಟಾಪ್ ನನ್ನನ್ನು ಕೇಳದೆ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಯಿತು. ಕಂಪೈಲರು ಬದಲಾಯಿತು. ಸದ್ದು ಹೊರಡಿಸುವ ಹಳೆಯ ದಾರಿಯನ್ನು ನಾನು ಹೇಗೋ ಕಷ್ಟಪಟ್ಟು ತೆರೆಸಿದ್ದೆ, ಅದೂ ಮುಚ್ಚಿಹೋಯಿತು. ತಿಂಗಳುಗಟ್ಟಲೆಯ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಂದು ನಾನು ಲ್ಯಾಬಿಗೂ ಹೋಗಲಿಲ್ಲ, ಮನೆಯಲ್ಲೂ ಇರಲಾಗಲಿಲ್ಲ. ಕೋಟೆಯವರೆಗೆ ನಡೆದು ಹೋಗಿ ಒಳಗಿನ ಹಳೆಯ ಮಸೀದಿಯ ನೆರಳಲ್ಲಿ ಕೂತೆ. ಆ ಕಮಾನುಗಳು ಎಷ್ಟು ರಾಜರನ್ನು ಕಂಡವೋ. ಅವನ್ನು ಯಾರೂ ಅಪ್‌ಡೇಟ್ ಮಾಡಲಿಲ್ಲ, ಅದಕ್ಕೇ ನಿಂತಿವೆ. ನಮ್ಮ ಕಸುಬಿನವರಿಗೆ ಮಾತ್ರ ನಿನ್ನೆಯದರ ಮೇಲೆ ಇಷ್ಟು ದ್ವೇಷ ಯಾಕೆ? ಹೊಸದನ್ನು ತರಲಿ, ಬೇಡವೆಂದವರು ಯಾರು. ಹಳೆಯ ಬಾಗಿಲಿಗೆ ಇಟ್ಟಿಗೆ ಕಟ್ಟುವುದೇಕೆ? ಆ ಬಾಗಿಲಾಚೆ ಯಾರಾದರೂ ಇದ್ದಾರೋ ಎಂದು ಒಮ್ಮೆ ಕೂಗಿ ಕೇಳುವುದಿಲ್ಲವಲ್ಲ ಇವರು.

ಅಲ್ಲಿ ಕೂತು ನಾನು ಅತ್ತೆ. ಪ್ರವಾಸಕ್ಕೆ ಬಂದಿದ್ದ ಒಂದು ಕುಟುಂಬದವರು ದೂರ ಸರಿದು ಹೋದರು. ಇದು ನನ್ನ ಕೈಲಾಗದು ಎಂದು ಅಂದೇ ಮೊದಲ ಸಲ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಬಿಡಲಿಲ್ಲ. ಬಿಟ್ಟರೆ ಅಕ್ಕನಿಗೆ ಏನೆಂದು ಹೇಳುವುದು ಎಂಬುದು ಹೊಳೆಯಲಿಲ್ಲ, ಹಾಗಾಗಿ ಮುಂದುವರಿಸಿದೆ ಅಷ್ಟೇ. ಅದು ಛಲವಲ್ಲ.

ಈ ನಡುವೆ ಭಾವ ಒಮ್ಮೆ ಫೋನಿನಲ್ಲಿ, ನಿಮ್ಮಕ್ಕ ಮತ್ತ ಕ್ಲಾಸಿಗೆ ಹೊಂಟಾಳ ನೋಡು ಎಂದರು. ಬೋರ್ಡಿನ ಮೇಲೆ ಬರೆದು ನಕಲು ಮಾಡಿಸುತ್ತಿರಬೇಕು, ಎಷ್ಟು ದಿನ ನಡೆದೀತು ಎಂದುಕೊಂಡೆ. ಕೇಳಲಿಲ್ಲ. ಐತವಾರಗಳಂದು ಹೋಗುವುದೂ ನಿಂತಿತ್ತು. ಬರಿಗೈಯಲ್ಲಿ ಹೋಗಿ ಆಕೆಯ ಮುಂದೆ ಕೂರಲು ಮನಸ್ಸು ಒಪ್ಪುತ್ತಿರಲಿಲ್ಲ. ಆಕೆಯ ಮೆಸೇಜುಗಳಿಗೆ ಆಯ್ತಕ್ಕಾ, ಮಾಡಾಕತ್ತೀನಿ ಎಂದು ಮಾತ್ರ ಉತ್ತರಿಸುತ್ತಿದ್ದೆ. ಒಮ್ಮೆ ಆಕೆ, ಕೆಲಸ ಇರಲಿ, ನೀ ಒಮ್ಮಿ ಸುಮ್ನ ಬಂದು ಹೋಗು ಎಂದು ಕಳಿಸಿದಳು. ಆಯ್ತಕ್ಕಾ, ಇದೊಂದು ಮುಗೀಲಿ ಎಂದೆ.

ಬೇಸಿಗೆ ರಜೆ ಮುಗಿದು ಶಾಲೆಗಳು ಮತ್ತೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಅದು ಕಂಪೈಲ್ ಆಯಿತು. ನಾನು ಕಾದಿದ್ದ ಕೆಂಪು ಸಾಲು ಬರಲೇ ಇಲ್ಲ. ಕೊನೆಯ ಸಾಲಿನ ಕೆಳಗೆ ಕರ್ಸರು ಮಿನುಗುತ್ತ ನಿಂತಿತು. ‘ಉಂಡೇನು’ ಎಂದು ಟೈಪ್ ಮಾಡಿ ಬಟನ್ ಒತ್ತಿದರೆ ಸ್ಪೀಕರಿನಿಂದ ಬಂದದ್ದು ಕಾದ ಎಣ್ಣೆಗೆ ನೀರು ಬಿದ್ದಂಥ ಚಟಪಟ ಸದ್ದು. ಬರೀ ಗದ್ದಲ. ಲೈಬ್ರರಿ ಎದ್ದು ಕೂತಿದೆ, ಆದರೆ ಅಕ್ಕನ ದನಿಯನ್ನು ಓದಲು ಅದಕ್ಕೆ ಬರುತ್ತಿಲ್ಲ. ಹಳೆಯ ಯಂತ್ರ ಸಂಖ್ಯೆಗಳನ್ನು ಸಣ್ಣ ಅಳತೆಯಲ್ಲಿ ಬರೆದಿಟ್ಟಿತ್ತು, ಹೊಸದು ದೊಡ್ಡ ಅಳತೆಯಲ್ಲಿ ಓದುತ್ತಿತ್ತು. ಸೇರಿನಲ್ಲಿ ಅಳೆದದ್ದನ್ನು ಕೊಳಗದಲ್ಲಿ ಅಳೆಯಲು ಹೊರಟ ಹಾಗೆ. ಇದು ತಿಳಿಯಲಿಕ್ಕೇ ಹದಿನೈದು ದಿನ ಹೋಯಿತು. ತಿಳಿದ ಮೇಲೆ ಅಳತೆ ಬರುವ ಜಾಗಗಳನ್ನೆಲ್ಲ ಒಂದೊಂದಾಗಿ ಹುಡುಕಿ ತಿದ್ದಿ, ಆಸೆಯಿಲ್ಲದೆ, ಸುಮ್ಮನೆ ಬಟನ್ ಒತ್ತಿದೆ.

“ಉಂಡೇನು?”

ಖೂಬಾ ಪ್ಲಾಟಿನ ನನ್ನ ಕೋಣೆಯಲ್ಲಿ ಅಕ್ಕ ಕೇಳಿದಳು. ಗಂಟಲು ಕೆಡುವ ಮೊದಲಿನ ಅಕ್ಕ. ನನಗರಿವಿಲ್ಲದೆ ಇನ್ನೂ ಇಲ್ಲ ಅಕ್ಕಾ ಎಂದುಬಿಟ್ಟೆ. ನಿಜಕ್ಕೂ ಉಂಡಿರಲಿಲ್ಲ.

ಐತವಾರದವರೆಗೆ ಕಾಯಲಾಗದೆ ಮರುದಿನವೇ ರಜೆ ಹಾಕಿ ಬಸ್ಸು ಹತ್ತಿದೆ. ಯಾರಿಗೂ ಹೇಳಿರಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಶಾಲೆ ಬಿಟ್ಟಿತ್ತು. ಅಕ್ಕನ ಮನೆಯ ಅಂಗಳದಲ್ಲಿ ಆಕೆಯ ತರಗತಿಯ ಏಳೆಂಟು ಮಕ್ಕಳು ನೆಲದ ಮೇಲೆ ಕೂತಿದ್ದರು. ಕಟ್ಟೆಯ ಮೇಲೆ ಅಕ್ಕ, ಕುತ್ತಿಗೆಗೆ ಸೆರಗು ಸುತ್ತಿಕೊಂಡು. ಕೈ ಎತ್ತಿ, ಹುಬ್ಬು ಹಾರಿಸಿ, ಬಾಯಿ ಅಗಲಿಸಿ ಏನೋ ಹೇಳುತ್ತಿದ್ದಳು. ಒಂದು ಪಿಸುಮಾತೂ ಇಲ್ಲ. ಮಕ್ಕಳು ಕಣ್ಣು ಮಿಟುಕಿಸದೆ ಆಕೆಯ ಮುಖ ನೋಡುತ್ತಿದ್ದರು, ಮತ್ತೆ ಎಲ್ಲರೂ ಒಮ್ಮೆಗೇ ಹೋ ಎಂದು ನಕ್ಕರು. ನಾನು ಗೇಟಿನ ಚಿಲಕ ತೆಗೆದು ಒಳಗೆ ನುಗ್ಗಿದೆ. ಕಂಡದ್ದೇನೆಂದು ನಿಂತು ಯೋಚಿಸುವ ವ್ಯವಧಾನ ನನಗೆಲ್ಲಿತ್ತು? ಚೀಲ ಬಿಚ್ಚಿ, ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು, ಸ್ಪೀಕರ್ ಜೋಡಿಸಿ, ಆಕೆಯ ಕೈ ಹಿಡಿದು ಕೀಲಿಗಳ ಮೇಲಿಟ್ಟೆ.

“ಮಾತಾಡು ಅಕ್ಕಾ.”

ಆಕೆ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಟೈಪ್ ಮಾಡಿದಳು.

“ಸುಮ್ನ ಕುಂದರ್ರಿ” ಎಂದಿತು ಸ್ಪೀಕರ್.

ಮಕ್ಕಳು ಬೆಚ್ಚಿ ಸುತ್ತ ನೋಡಿದರು. ಈ ವರ್ಷ ಆಕೆಯ ತರಗತಿಗೆ ಬಂದವರು ಅವರು. ಆ ದನಿಯನ್ನು ಕೇಳಿಯೇ ಇರಲಿಲ್ಲ. ಎರಡು ಜಡೆಯ ಒಬ್ಬ ಹುಡುಗಿ, ಯಾರ ಬಂದಾರ ಟೀಚರ್ ಒಳಗ, ಎಂದು ಕೇಳಿದಳು. ಭಾವ ಮಾತ್ರ ಹಿತ್ತಲಿನಿಂದ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅಕ್ಕ ಅವರ ಕಡೆ ತಿರುಗಿ ತುಟಿ ಆಡಿಸಿದಳು, ಬೇಗ ಬೇಗ, ನಾಲ್ಕೈದು ಮಾತು ಇದ್ದಿರಬೇಕು. ಭಾವ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕು ಹೌದೌದು ಎಂದರು. ಮಕ್ಕಳೂ ನಕ್ಕರು.

“ಏನಂದ್ಲು?” ಎಂದೆ.

ಎರಡು ಜಡೆಯವಳು ಹೇಳಿದಳು. “ಇವಗ ಮೊದಲ ಚಹಾ ಮಾಡ್ರಿ, ಮಾರಿ ನೋಡ್ರಿ ಹ್ಯಾಂಗಾಗ್ಯದ, ಅಂದ್ರು ನಮ್ ಟೀಚರ್. ನಿಮಗ ತಿಳೀಲಿಲ್ಲೇನ್ರಿ?”

ಅಕ್ಕ ಈಗ ನನ್ನ ಕಡೆ ತಿರುಗಿದಳು. ನನ್ನ ಗದ್ದ ಹಿಡಿದು, ಮುಖವನ್ನು ತನ್ನೆದುರಿಗೆ ತಂದುಕೊಂಡು, ಏನೋ ಹೇಳಿದಳು. ನಿಧಾನವಾಗಿ. ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದಳು, ಇನ್ನೂ ಬಿಡಿಸಿ. ಆ ತುಟಿಗಳಲ್ಲಿ ಒಂದು ಅಕ್ಷರವೂ ನನ್ನ ಕೈಗೆ ಸಿಗಲಿಲ್ಲ. ನಾನು ಭಾವನ ಕಡೆ ನೋಡಿದೆ. ಅವರು ಬಾಯಿ ತೆರೆದರು. ಅಕ್ಕ ಕೈ ಅಡ್ಡ ಹಿಡಿದು ಅವರನ್ನು ತಡೆದಳು. ಮತ್ತೊಮ್ಮೆ ಹೇಳಿದಳು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು, ಇಷ್ಟು ಸುಲಭದ್ದು ಬರುವುದಿಲ್ಲವೇ ಎನ್ನುವ ಹಾಗೆ.

ಅಕ್ಕ ನನ್ನ ಗದ್ದ ಬಿಟ್ಟು ಲ್ಯಾಪ್‌ಟಾಪನ್ನು ಎಳೆದುಕೊಂಡಳು. ಬಹಳ ಹೊತ್ತು ಟೈಪ್ ಮಾಡಿದಳು.

“ಇವರಿಗೆಲ್ಲ ನನ್ನ ಮಾತು ತಿಳೀತದ. ಇದು ನಿನಗೊಬ್ಬವಗ ಬೇಕಾಗ್ಯದ. ಇಷ್ಟು ದಿನದಾಗ ಒಮ್ಮೆರೆ ನನ್ನ ಮಾರಿ ನೋಡಿದ್ದ್ಯಾ ತಮ್ಮಾ?”

ನಾನು ಕಟ್ಟಿದ ದನಿ ಎಲ್ಲೂ ತಡವರಿಸಲಿಲ್ಲ. ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು, ಅಂಗಳದಾಚೆಗೂ ಕೇಳಿಸಿರಬೇಕು.